ಮೇಲ್ಮೈಗೆ ಒಂದು ದಿನದ ಪರೀಕ್ಷೆ ಸಾಲದು, ಒಂದು ಹಂಗಾಮು ಬೇಕು

ಕಬ್ಬಿನ ಲೆಕ್ಕದಲ್ಲಿ ‘ರಿಕವರಿ’ಗೆ, ಅಂದರೆ ಕಬ್ಬಿನ ತೂಕದಲ್ಲಿ ಶೇಕಡಾ ಎಷ್ಟು ಸಕ್ಕರೆ ಕೈಗೆ ಸಿಕ್ಕಿತು ಎಂಬುದಕ್ಕೆ, ಇರುವ ತೂಕವನ್ನು ಬೆಳಗಾವಿ ಜಿಲ್ಲೆಯ ಗೋಕಾಕ, ಮೂಡಲಗಿ, ಹುಕ್ಕೇರಿ ಕಡೆಯವರಿಗೆ ಯಾರೂ ಬಿಡಿಸಿ ಹೇಳಬೇಕಿಲ್ಲ. 2025ರ ನವೆಂಬರ್‌ನಲ್ಲಿ ಮೂಡಲಗಿ ತಾಲ್ಲೂಕಿನ ಗುರ್ಲಾಪುರ ಕ್ರಾಸಿನಲ್ಲಿ ಟನ್ನಿಗೆ 3,500 ರೂಪಾಯಿ ಕೇಳಿ ರೈತರು ಧರಣಿ ಕುಳಿತರು. ಮಾತುಕತೆ ಕೊನೆಗೆ 3,300 ರೂಪಾಯಿಗೆ ಬಂದು ನಿಂತಿತು. ಆ ದರದ ಬೆನ್ನಿಗೂ ರಿಕವರಿಯ ಲೆಕ್ಕ ಅಂಟಿಕೊಂಡೇ ಇತ್ತು. 2025–26ರ ಹಂಗಾಮಿಗೆ ಕೇಂದ್ರ ಸರ್ಕಾರ ಗೊತ್ತುಪಡಿಸಿದ ನ್ಯಾಯಯುತ ಮತ್ತು ಲಾಭದಾಯಕ ದರ (ಎಫ್‌ಆರ್‌ಪಿ) ಶೇ 10.25 ರಿಕವರಿಗೆ ಕ್ವಿಂಟಲ್‌ಗೆ 355 ರೂಪಾಯಿ. ಅದಕ್ಕಿಂತ ಮೇಲೆ ಹೋದ ಪ್ರತಿ ಶೇ 0.1ಕ್ಕೆ 3.46 ರೂಪಾಯಿ ಹೆಚ್ಚು. ಟನ್ನಿಗೆ ಲೆಕ್ಕ ಹಾಕಿದರೆ 34 ರೂಪಾಯಿ 60 ಪೈಸೆ. ಇಷ್ಟು ಸಕ್ಕರೆ ಎಲ್ಲಿ ಸೋರಿಹೋಗುತ್ತದೆ ಎಂಬ ಜಗಳದಲ್ಲಿ ತೂಕದ ಕಾಟಾ ಬರುತ್ತದೆ, ಕಟಾವಿನ ವಿಳಂಬ ಬರುತ್ತದೆ, ತಳಿ, ನೀರು, ಗೊಬ್ಬರ ಎಲ್ಲವೂ ಬರುತ್ತವೆ. ಕಾರ್ಖಾನೆಯ ರೋಲರುಗಳ ಕೆಳಗಿನ ತಟ್ಟೆಗೆ, ಪಂಪಿನ ಕೊಳವೆಗೆ, ಕಬ್ಬಿನ ಹಾಲು ಸೋಸುವ ಜಾಲರಿಗೆ ಹಿಡಿದುಕೊಳ್ಳುವ ಲೋಳೆಯ ಮಾತು ಮಾತ್ರ ಅಪರೂಪ. ಈ ಅಂಕಣ ಆ ಲೋಳೆಯ ಬಗ್ಗೆ, ಅದು ಅಂಟದಂಥ ಮೇಲ್ಮೈಗಳನ್ನು ರೂಪಿಸಲು ಹೊರಟಿರುವ ಎಳೆಯ ವಿಜ್ಞಾನಿಗಳ ಬಗ್ಗೆ. ನನ್ನ ವಾದ ಇಷ್ಟೇ: ಇಂಥ ಮೇಲ್ಮೈಯ ನಿಜವಾದ ಬೆಲೆ ಗೊತ್ತಾಗುವುದು ಅದು ನೂರನೇ ದಿನ ಏನು ಮಾಡುತ್ತಿದೆ ಎಂಬುದರಿಂದ. ನಮ್ಮ ಸಂಶೋಧನಾ ವ್ಯವಸ್ಥೆ ಮಾತ್ರ ಅದನ್ನು ಮೊದಲ ದಿನವೇ ಅಳೆದು, ಪ್ರಬಂಧ ಬರೆಸಿ, ಹುಡುಗರನ್ನು ಮುಂದಿನ ವಿಷಯಕ್ಕೆ ಕಳಿಸಿಬಿಡುತ್ತದೆ.

ಲೋಳೆಯ ಕಥೆ ಹಳೆಯದು. ಸಕ್ಕರೆ ರಸ ಅಂಟಂಟಾಗಿ ಎಳೆ ಬಿಡುವುದಕ್ಕೆ ಸೂಕ್ಷ್ಮಜೀವಿಗಳೇ ಕಾರಣ ಎಂದು ಲೂಯಿ ಪಾಶ್ಚರ್ 1861ರಲ್ಲೇ ತೋರಿಸಿದ್ದ. ಆ ಅಂಟಿಗೆ ಡೆಕ್ಸ್‌ಟ್ರಾನ್ ಎಂಬ ಹೆಸರು ಬಂದದ್ದು 1874ರಲ್ಲಿ. ಅದನ್ನು ತಯಾರಿಸುವ ಬ್ಯಾಕ್ಟೀರಿಯಾಕ್ಕೆ ಲ್ಯೂಕೊನೊಸ್ಟಾಕ್ ಎಂದು ಫ್ರಾನ್ಸಿನ ವ್ಯಾನ್ ಟೀಗೆಮ್ ಹೆಸರಿಟ್ಟದ್ದು 1878ರಲ್ಲಿ. ಇದರ ಕೆಲಸದ ರೀತಿ ಸರಳ. ಸಕ್ಕರೆಯ ಒಂದೊಂದು ಅಣುವಿನಲ್ಲೂ ಗ್ಲೂಕೋಸ್ ಮತ್ತು ಫ್ರಕ್ಟೋಸ್ ಕೂಡಿಕೊಂಡಿರುತ್ತವೆ. ಈ ಜೀವಿಯ ಕಿಣ್ವ ಅವನ್ನು ಬೇರ್ಪಡಿಸಿ, ಗ್ಲೂಕೋಸನ್ನು ಸರಪಳಿಯಾಗಿ ಪೋಣಿಸಿ ಲೋಳೆ ಮಾಡುತ್ತದೆ. ಫ್ರಕ್ಟೋಸನ್ನು ರಸದಲ್ಲೇ ಬಿಡುತ್ತದೆ. ಹಾಗಾಗಿ ಒಂದು ಕಿಲೋ ಡೆಕ್ಸ್‌ಟ್ರಾನ್ ಆಗಬೇಕಾದರೆ ಸುಮಾರು ಎರಡು ಕಿಲೋ ಸಕ್ಕರೆ ಹಾಳಾಗುತ್ತದೆ. ನಷ್ಟ ಅಲ್ಲಿಗೂ ನಿಲ್ಲುವುದಿಲ್ಲ. ಡೆಕ್ಸ್‌ಟ್ರಾನ್ ಸೇರಿದ ರಸ ದಪ್ಪಗಾಗಿ ಕುದಿಯಲು ತಡವಾಗುತ್ತದೆ, ಸೋಸಲು ತೊಡಕಾಗುತ್ತದೆ, ಹರಳುಗಳು ಸೂಜಿಯಂತೆ ಉದ್ದವಾಗುತ್ತವೆ. ಇನ್ನೂ ಒಂದು ಸೂಕ್ಷ್ಮವಿದೆ. ಕಾರ್ಖಾನೆಯ ಪ್ರಯೋಗಾಲಯದಲ್ಲಿ ರಸದ ಸಕ್ಕರೆಯನ್ನು ಅಳೆಯುವುದು, ಅದು ಬೆಳಕಿನ ಕಂಪನದ ದಿಕ್ಕನ್ನು ಎಷ್ಟು ತಿರುಗಿಸುತ್ತದೆ ಎಂಬುದನ್ನು ನೋಡಿ. ಡೆಕ್ಸ್‌ಟ್ರಾನ್ ಸಕ್ಕರೆಗಿಂತ ಸುಮಾರು ಮೂರು ಪಟ್ಟು ಹೆಚ್ಚು ತಿರುಗಿಸುತ್ತದೆ. ಅಂದರೆ ಸಕ್ಕರೆ ತಿಂದ ಲೋಳೆಯೇ ಉಪಕರಣದಲ್ಲಿ ಸಕ್ಕರೆಯಾಗಿ ಲೆಕ್ಕಕ್ಕೆ ಬರುತ್ತದೆ. ರಸದಲ್ಲಿ ಕಂಡದ್ದು ಚೀಲಕ್ಕೆ ಬೀಳುವುದಿಲ್ಲ.

ಬ್ಯಾಕ್ಟೀರಿಯಾಗಳು ಹೀಗೆ ಒಂದು ಮೇಲ್ಮೈಗೆ ಅಂಟಿ, ತಾವೇ ಸ್ರವಿಸಿದ ಲೋಳೆಯಲ್ಲಿ ಗುಂಪಾಗಿ ಬದುಕುವ ರೂಪಕ್ಕೆ ಬಯೋಫಿಲ್ಮ್ ಎನ್ನುತ್ತಾರೆ. ಬೆಳಗ್ಗೆ ಹಲ್ಲಿನ ಮೇಲೆ ನಾಲಿಗೆ ಆಡಿಸಿದಾಗ ತಗಲುವ ಪದರ, ಹನಿ ನೀರಾವರಿಯ ಪೈಪಿನ ರಂಧ್ರ ಕಟ್ಟುವ ಜಿಡ್ಡು, ಮೂತ್ರಕೋಶಕ್ಕೆ ಹಾಕಿದ ಕ್ಯಾತಿಟರ್ ಕೊಳವೆಯ ಒಳಗೋಡೆಯ ಪೊರೆ ಎಲ್ಲವೂ ಒಂದೇ ಜಾತಿ. ಬಹುಕಾಲ ಸೂಕ್ಷ್ಮಜೀವಿ ವಿಜ್ಞಾನ ಬ್ಯಾಕ್ಟೀರಿಯಾವನ್ನು ಸಾರಿನಂಥ ದ್ರವದಲ್ಲಿ ತೇಲಿಸಿ, ಒಂಟಿ ಜೀವಿಯಾಗಿ ಓದುತ್ತ ಬಂತು. ನಿಸರ್ಗದಲ್ಲಿ ಅವು ಹೆಚ್ಚಾಗಿ ಅಂಟಿಕೊಂಡೇ ಬದುಕುತ್ತವೆ ಎಂದು ಕೆನಡಾದ ಬಿಲ್ ಕಾಸ್ಟರ್ಟನ್ ಮತ್ತು ಸಂಗಡಿಗರು 1978ರಲ್ಲಿ ಬರೆದ ಮೇಲೆ ನೋಟ ಬದಲಾಯಿತು. ಅಂಟಿಕೊಂಡ ಬ್ಯಾಕ್ಟೀರಿಯಾವನ್ನು ಕೊಲ್ಲಲು ತೇಲುವ ಬ್ಯಾಕ್ಟೀರಿಯಾಕ್ಕೆ ಸಾಕಾಗುವ ಔಷಧಕ್ಕಿಂತ ಕೆಲವು ಸಲ ಸಾವಿರ ಪಟ್ಟು ಹೆಚ್ಚು ಬೇಕಾಗುತ್ತದೆ. ಕಾರಣಗಳು ಹಲವು. ಲೋಳೆ ಔಷಧವನ್ನು ತಡೆದು ಹೀರುತ್ತದೆ. ಆಳದ ಜೀವಿಗಳು ಆಹಾರ ಸಾಲದೆ ಮಂಕಾಗಿ ಮಲಗಿರುವುದರಿಂದ, ಬೆಳೆಯುವ ಜೀವಿಗಳನ್ನು ಗುರಿಯಾಗಿಸಿದ ಔಷಧ ಅವಕ್ಕೆ ತಾಗುವುದಿಲ್ಲ. ಒತ್ತೊತ್ತಾಗಿ ಇರುವುದರಿಂದ ನಿರೋಧಕ ಜೀನುಗಳೂ ಒಂದರಿಂದ ಇನ್ನೊಂದಕ್ಕೆ ಸುಲಭವಾಗಿ ದಾಟುತ್ತವೆ. ರೊಟ್ಟಿ ಹಿಟ್ಟು ಒಣಗಿ ಹಿಡಿದ ಪರಾತಕ್ಕೆ ಎಷ್ಟು ಕೊಡ ನೀರು ಸುರಿದರೂ ತಿಕ್ಕದೆ ಅದು ಬಿಡದಂತೆ, ಇದೂ ಮೇಲೆ ಸುರಿದ ಔಷಧಕ್ಕೆ ಜಗ್ಗುವುದಿಲ್ಲ. 2019ರಲ್ಲಿ ಔಷಧಕ್ಕೆ ಬಗ್ಗದ ಬ್ಯಾಕ್ಟೀರಿಯಾಗಳೇ ನೇರ ಕಾರಣವಾಗಿ ಜಗತ್ತಿನಲ್ಲಿ ಸುಮಾರು 12.7 ಲಕ್ಷ ಜನ ಸತ್ತರು ಎಂಬ ಅಂದಾಜಿದೆ. ಹಾಗಾಗಿ, ಅಂಟಿದ ಮೇಲೆ ಕೊಲ್ಲುವುದಕ್ಕಿಂತ ಅಂಟಲೇ ಬಿಡದಿರುವುದು ಮೇಲು ಎಂಬ ಯೋಚನೆ ಬಂದದ್ದು ಸಹಜ.

ಈ ಯೋಚನೆಗೆ ಎರಡು ದಾರಿಗಳಿವೆ. ಮೊದಲನೆಯದು ರಸಾಯನದ್ದು: ಮೇಲ್ಮೈಯಲ್ಲೇ ಕೊಲ್ಲುವ ವಸ್ತುವನ್ನು ಇಡುವುದು. ತಾಮ್ರದ ಕೊಡದ ನೀರಿನ ಬಗ್ಗೆ ನಮ್ಮ ಮನೆಗಳಲ್ಲಿದ್ದ ನಂಬಿಕೆಯನ್ನು ಬೆಂಗಳೂರಿನ ಆಯುರ್ವೇದ ಮತ್ತು ಸಮಗ್ರ ವೈದ್ಯಕೀಯ ಸಂಸ್ಥೆಯ ಸಂಶೋಧಕರು 2012ರಲ್ಲಿ ಒರೆಗೆ ಹಚ್ಚಿದರು. ಕಾಲರಾ, ಟೈಫಾಯ್ಡ್, ಆಮಶಂಕೆ ತರುವ ಬ್ಯಾಕ್ಟೀರಿಯಾಗಳನ್ನು ಬೆರೆಸಿದ ನೀರನ್ನು 16 ಗಂಟೆ ತಾಮ್ರದ ಪಾತ್ರೆಯಲ್ಲಿಟ್ಟಾಗ ಅವು ಮತ್ತೆ ಬೆಳೆಯಲಿಲ್ಲ. ನೀರಿಗೆ ಇಳಿದ ತಾಮ್ರವೂ ವಿಶ್ವ ಆರೋಗ್ಯ ಸಂಸ್ಥೆಯ ಮಿತಿಗಿಂತ ಬಹಳ ಕೆಳಗಿತ್ತು. ಜಕ್ಕೂರಿನ ಜವಾಹರಲಾಲ್ ನೆಹರೂ ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರದಲ್ಲಿ ಜಯಂತ ಹಲ್ದಾರ್ ಅವರ ತಂಡ 2020ರಲ್ಲಿ ಪ್ರಕಟಿಸಿದ ಲೇಪನ ಇದೇ ದಾರಿಯ ಮುಂದಿನ ಹೆಜ್ಜೆ. ನೇರಳಾತೀತ ಬೆಳಕು ಬಿದ್ದೊಡನೆ ಅದು ಬಟ್ಟೆ, ಪ್ಲಾಸ್ಟಿಕ್‌ಗಳಿಗೆ ರಾಸಾಯನಿಕವಾಗಿ ಬೆಸೆದುಕೊಂಡು, ತಾಗಿದ ಬ್ಯಾಕ್ಟೀರಿಯಾ, ಶಿಲೀಂಧ್ರ, ಇನ್‌ಫ್ಲುಯೆಂಜಾ ವೈರಸ್ ಮೂರನ್ನೂ ನಾಶಮಾಡುತ್ತದೆ. ಹಲ್ದಾರ್ ಅವರೇ ಪಿಎಚ್.ಡಿ. ಮುಗಿಸಿ ಅಮೆರಿಕದ ಎಂಐಟಿಯಲ್ಲಿದ್ದ ಎಳೆಯ ದಿನಗಳಲ್ಲಿ, 2006ರಲ್ಲಿ, ಇಂಥದೇ ಲೇಪನದ ಪ್ರಬಂಧಕ್ಕೆ ಮೊದಲ ಲೇಖಕರಾಗಿದ್ದರು. ಎರಡನೆಯ ದಾರಿ ಆಕಾರದ್ದು. ಜೀರುಂಡೆಯ ರೆಕ್ಕೆಯ ಮೇಲೆ ಸುಮಾರು 200 ನ್ಯಾನೋಮೀಟರ್ ಎತ್ತರದ ಮೊನೆಗಳಿದ್ದು, ಕೂತ ಬ್ಯಾಕ್ಟೀರಿಯಾದ ಪೊರೆಯನ್ನು ಹಿಗ್ಗಿಸಿ ಹರಿಯುತ್ತವೆ ಎಂದು ಆಸ್ಟ್ರೇಲಿಯಾದ ತಂಡ 2012ರಲ್ಲಿ ತೋರಿಸಿತು. ಅದೇ ಜಾಡಿನಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯ ಕೌಶಿಕ್ ಚಟರ್ಜಿ ಅವರ ತಂಡ 2017ರಲ್ಲಿ ಮೂಳೆಯ ಇಂಪ್ಲಾಂಟಿಗೆ ಬಳಸುವ ಟೈಟಾನಿಯಂ ಮೇಲೆ, 2018ರಲ್ಲಿ ಅಲ್ಯೂಮಿನಿಯಂ ಮೇಲೆ ಸೂಕ್ಷ್ಮ ಮೊನೆಗಳನ್ನು ಕೆತ್ತಿ, ಔಷಧಕ್ಕೆ ಬಗ್ಗದ ಆಸ್ಪತ್ರೆಯ ತಳಿಗಳ ಮೇಲೂ ಪರೀಕ್ಷಿಸಿತು. ಇಂಥ ಪ್ರಬಂಧಗಳ ಮೊದಲ ಹೆಸರು ಬಹುಮಟ್ಟಿಗೆ ಒಬ್ಬ ಸಂಶೋಧನಾ ವಿದ್ಯಾರ್ಥಿಯದು ಅಥವಾ ಆಗಷ್ಟೇ ಪದವಿ ಮುಗಿಸಿದವರದು. ಕರ್ನಾಟಕದಲ್ಲಿ ಜಾಣ್ಮೆಗೆ ಕೊರತೆ ಇಲ್ಲ ಎನ್ನಲು ಇಷ್ಟು ಸಾಕು.

ಕೊರತೆ ಇರುವುದು ಪರೀಕ್ಷೆಯ ಅವಧಿಯಲ್ಲಿ. ಸೂಕ್ಷ್ಮಾಣುನಾಶಕ ಮೇಲ್ಮೈಗಳನ್ನು ಅಳೆಯಲು ಜಗತ್ತಿನೆಲ್ಲೆಡೆ ಬಳಕೆಯಲ್ಲಿರುವ ಐಎಸ್ಒ 22196 ವಿಧಾನವನ್ನೇ ನೋಡಿ. ಬ್ಯಾಕ್ಟೀರಿಯಾ ಇರುವ ದ್ರವದ ಹನಿಯನ್ನು ಮೇಲ್ಮೈ ಮೇಲಿಟ್ಟು, ತೆಳು ಹಾಳೆ ಮುಚ್ಚಿ, 35 ಡಿಗ್ರಿ ಶಾಖದಲ್ಲಿ, ಶೇ 90ಕ್ಕೂ ಹೆಚ್ಚಿನ ತೇವದಲ್ಲಿ 24 ಗಂಟೆ ಬಿಡುತ್ತಾರೆ. ಆಮೇಲೆ ಉಳಿದವನ್ನು ಎಣಿಸುತ್ತಾರೆ. ಎರಡು ವಸ್ತುಗಳನ್ನು ಹೋಲಿಸಲು ಇದು ಒಳ್ಳೆಯ ವಿಧಾನ. ಆದರೆ ಆಸ್ಪತ್ರೆಯ ಬಾಗಿಲ ಹಿಡಿಕೆ ಒಣಗಿರುತ್ತದೆ. ಕ್ಯಾತಿಟರಿನೊಳಗೆ ಮೂತ್ರ ಹರಿಯುತ್ತಲೇ ಇರುತ್ತದೆ. ಕಾರ್ಖಾನೆಯ ತಟ್ಟೆಯ ಮೇಲೆ ಸಕ್ಕರೆ, ಮಣ್ಣು, ಸಿಪ್ಪೆಯ ಪುಡಿ ಎಲ್ಲ ಕೂಡಿದ ರಸ ತಿಂಗಳುಗಟ್ಟಲೆ ಹರಿಯುತ್ತದೆ. ನಿಜವಾದ ದ್ರವ ಯಾವುದೇ ಮೇಲ್ಮೈಯನ್ನು ತಾಗಿದ ಕೆಲವೇ ನಿಮಿಷಗಳಲ್ಲಿ ಅದರಲ್ಲಿನ ಪ್ರೋಟೀನು, ಸಕ್ಕರೆ, ಲವಣಗಳು ತೆಳುವಾದ ಹೊದಿಕೆ ಹಾಸುತ್ತವೆ. ಬ್ಯಾಕ್ಟೀರಿಯಾ ಬಂದು ಕೂರುವುದು ಈ ಹೊದಿಕೆಯ ಮೇಲೆ. ಕೆಳಗಿನ ಬೆಳ್ಳಿ, ತಾಮ್ರ, ಮೊನೆಗಳು ಅದಕ್ಕೆ ಎಟುಕದೆ ಹೋಗಬಹುದು. ಮೊದಲು ಬಂದ ಬ್ಯಾಕ್ಟೀರಿಯಾಗಳು ಸತ್ತರೂ ಅವುಗಳ ಹೆಣಗಳೇ ಮುಂದಿನವಕ್ಕೆ ಹಾಸಿಗೆಯಾಗುತ್ತವೆ. ತಾಗಿದ್ದನ್ನೆಲ್ಲ ಕೊಲ್ಲುವ ಮೇಲ್ಮೈ ತನ್ನ ಯಶಸ್ಸಿನಿಂದಲೇ ಮುಚ್ಚಿಹೋಗುವ ಅಪಾಯವಿದು. ಇಪ್ಪತ್ತನಾಲ್ಕು ಗಂಟೆಯ ಪರೀಕ್ಷೆಗೆ ಇದು ಕಾಣುವುದೇ ಇಲ್ಲ.

ಇದು ಬರೀ ಅನುಮಾನದ ಮಾತಲ್ಲ ಎನ್ನಲು ದೊಡ್ಡ ಸಾಕ್ಷಿಯೊಂದಿದೆ. ಬೆಳ್ಳಿ ಲೇಪಿಸಿದ ಕ್ಯಾತಿಟರುಗಳು ಪ್ರಯೋಗಾಲಯದಲ್ಲಿ ಬ್ಯಾಕ್ಟೀರಿಯಾ ತಡೆದವು, ಮಾರುಕಟ್ಟೆಗೂ ಬಂದವು. ಬ್ರಿಟನ್ನಿನ 24 ಆಸ್ಪತ್ರೆಗಳಲ್ಲಿ 7,000ಕ್ಕೂ ಹೆಚ್ಚು ರೋಗಿಗಳ ಮೇಲೆ ಅವನ್ನು ಸಾದಾ ಕ್ಯಾತಿಟರುಗಳ ಜೊತೆ ಹೋಲಿಸಿ ನೋಡಿದ ಅಧ್ಯಯನ 2012ರಲ್ಲಿ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಪ್ರಕಟವಾಯಿತು. ಅಲ್ಪಾವಧಿಗೆ ಕ್ಯಾತಿಟರ್ ಹಾಕಿಸಿಕೊಂಡವರಲ್ಲಿ, ತೊಂದರೆ ಕೊಡುವ ಮೂತ್ರದ ಸೋಂಕನ್ನು ಬೆಳ್ಳಿಯ ಲೇಪನ ಇಳಿಸಲಿಲ್ಲ. ನೈಟ್ರೋಫ್ಯೂರಲ್ ಔಷಧ ಹೀರಿಸಿದ ಇನ್ನೊಂದು ಬಗೆ ತೋರಿದ ಇಳಿಕೆ, ಲೆಕ್ಕಕ್ಕೆ ತೆಗೆದುಕೊಳ್ಳುವಷ್ಟು ದೊಡ್ಡದಾಗಿರಲಿಲ್ಲ. ಬೆಳ್ಳಿಗೆ ಬ್ಯಾಕ್ಟೀರಿಯಾ ಕೊಲ್ಲುವ ಗುಣ ಇಲ್ಲ ಎಂದು ಇದರರ್ಥವಲ್ಲ. ಪ್ರಯೋಗಾಲಯದ ತಟ್ಟೆಯಲ್ಲಿ ಕೊಲ್ಲುವುದಕ್ಕೂ ದೇಹದಲ್ಲಿ ಸೋಂಕು ತಡೆಯುವುದಕ್ಕೂ ನಡುವೆ ದೊಡ್ಡ ಹಾದಿ ಇದೆ, ಅದನ್ನು ನಡೆದು ನೋಡದೆ ಪ್ರಬಂಧದ ಶೇಕಡಾವಾರನ್ನು ನಂಬಬಾರದು ಎಂಬುದು ಇದರ ಪಾಠ. ಅಂಗಡಿಯಲ್ಲಿ ಸಿಗುವ ನೀರಿನ ಬಾಟಲಿ, ಬಣ್ಣ, ಟೈಲ್ಸ್‌ಗಳ ಮೇಲೆ ‘ಶೇ 99.9 ಸೂಕ್ಷ್ಮಾಣು ನಾಶ’ ಎಂದು ಓದುವಾಗ ಎಷ್ಟು ಹೊತ್ತಿನ ಪರೀಕ್ಷೆ, ಎಷ್ಟು ತೊಳೆತದ ಮೇಲೆ ಎಂದು ಕೇಳುವ ಹಕ್ಕು ಕೊಳ್ಳುವವರಿಗೂ ಇದೆ.

ಹಾಗಾದರೆ ನಮ್ಮ ಎಳೆಯ ಸಂಶೋಧಕರು ಉದ್ದದ ಪರೀಕ್ಷೆ ಏಕೆ ಮಾಡುವುದಿಲ್ಲ? ಅವರ ಸೋಮಾರಿತನ ಎನ್ನುವುದು ಅನ್ಯಾಯ. ಅವರ ಬದುಕಿನ ವೇಳಾಪಟ್ಟಿ ನೋಡಿ. ಸಂಶೋಧನಾ ವಿದ್ಯಾರ್ಥಿಗೆ 2023ರ ಜನವರಿಯಿಂದ ಮೊದಲೆರಡು ವರ್ಷ ತಿಂಗಳಿಗೆ 37,000, ಆಮೇಲೆ 42,000 ರೂಪಾಯಿ ಫೆಲೋಶಿಪ್. ಒಟ್ಟು ಅವಧಿ ಐದು ವರ್ಷ. ಅದರಲ್ಲಿ ಓದು, ಉಪಕರಣ ಕಲಿಕೆ, ವಸ್ತುವಿನ ತಯಾರಿ ಮುಗಿಯುವ ಹೊತ್ತಿಗೆ ಮೂರು ವರ್ಷ ಕಳೆದಿರುತ್ತದೆ. ಹೊಸ ಅಧ್ಯಾಪಕರಿಗೆ ಕೇಂದ್ರ ಕೊಡುತ್ತಿದ್ದ ಆರಂಭಿಕ ಅನುದಾನ ಎರಡು ವರ್ಷಕ್ಕೆ 30 ಲಕ್ಷ ರೂಪಾಯಿ. ಅನುಸಂಧಾನ ರಾಷ್ಟ್ರೀಯ ಸಂಶೋಧನಾ ಪ್ರತಿಷ್ಠಾನ ಬಂದ ಮೇಲೆ 2024ರಲ್ಲಿ ಶುರುವಾದ ಪ್ರಧಾನಮಂತ್ರಿ ಆರಂಭಿಕ ವೃತ್ತಿ ಸಂಶೋಧನಾ ಅನುದಾನ ಇದನ್ನು ಮೂರು ವರ್ಷಕ್ಕೆ, 60 ಲಕ್ಷದವರೆಗೆ ಏರಿಸಿತು. ಇದು ಒಳ್ಳೆಯ ಹೆಜ್ಜೆಯೇ. ಆದರೆ ಕೆಲಸದ ಆಯ್ಕೆಯಲ್ಲಿ, ಬಡ್ತಿಯಲ್ಲಿ ಎಣಿಕೆಯಾಗುವುದು ಪ್ರಬಂಧಗಳು. ಒಂದೇ ಲೇಪನವನ್ನು ನಾಲ್ಕು ತಿಂಗಳು ನೋಡಿ ‘ಏಳನೇ ವಾರಕ್ಕೆ ಇದು ಸೋತಿತು’ ಎಂದು ಬರೆದವರಿಗಿಂತ, ಅದೇ ಅವಧಿಯಲ್ಲಿ ನಾಲ್ಕು ಲೇಪನ ಮಾಡಿ ನಾಲ್ಕಕ್ಕೂ 24 ಗಂಟೆಯ ಗೆಲುವು ಬರೆದವರು ಮುಂದೆ ಹೋಗುತ್ತಾರೆ. ಜಾಣರು ನಿಯಮ ನೋಡಿಯೇ ಆಟ ಆಡುತ್ತಾರೆ; ಬದಲಾಗಬೇಕಾದದ್ದು ನಿಯಮ.

ಇಲ್ಲಿಗೆ ಮೊದಲ ಆಕ್ಷೇಪ ಬರುತ್ತದೆ. ಮೂಲವಿಜ್ಞಾನ ಮಾಡುವವರನ್ನು ಸಕ್ಕರೆ ಕಾರ್ಖಾನೆಯ ತಟ್ಟೆ ಕೆರೆಯಲು ಕಳಿಸಬೇಕೆ? ಕುತೂಹಲಕ್ಕೆ ಉಪಯೋಗದ ಮೂಗುದಾರ ಹಾಕಿದರೆ ವಿಜ್ಞಾನ ಬಡವಾಗುವುದಿಲ್ಲವೆ? ಆತಂಕ ಸುಳ್ಳಲ್ಲ. ಎಲ್ಲರನ್ನೂ ಕಳಿಸಬೇಕು ಎಂದು ನಾನೂ ಹೇಳುವುದಿಲ್ಲ. ಆದರೆ ಈ ವಿಷಯದ ಇತಿಹಾಸ ಬೇರೆಯದನ್ನೇ ಹೇಳುತ್ತದೆ. ಪಾಶ್ಚರ್‌ಗೆ ಹುದುಗುವಿಕೆಯ ಪ್ರಶ್ನೆ ಗಟ್ಟಿಯಾಗಿ ಎದುರಾದದ್ದು 1856ರಲ್ಲಿ, ಲೀಲ್ ಪಟ್ಟಣದ ಬೀಟ್‌ರೂಟ್ ಮದ್ಯ ತಯಾರಕರೊಬ್ಬರ ತೊಟ್ಟಿಗಳಲ್ಲಿ. ಶಾರ್ಕಿನ ಚರ್ಮದ ಗೀರುಗಳನ್ನು ಅನುಕರಿಸುವ ಮೇಲ್ಮೈ ಹುಟ್ಟಿದ್ದು, ಅಮೆರಿಕದ ನೌಕಾಪಡೆಗೆ ಹಡಗಿನ ತಳಕ್ಕೆ ಪಾಚಿ ಹಿಡಿಯುವ ತಲೆನೋವು ಇದ್ದುದರಿಂದ. ಬಳಕೆಯ ಜಾಗ ಪ್ರಶ್ನೆಗಳನ್ನು ಕುಗ್ಗಿಸುವುದಕ್ಕಿಂತ ಹೆಚ್ಚಾಗಿ ಹೊಸದನ್ನು ಎತ್ತುತ್ತದೆ. ಹರಿಯುವ ದಪ್ಪ ಸಕ್ಕರೆ ರಸದಲ್ಲಿ, ಮರಳು ಸಿಪ್ಪೆ ಉಜ್ಜುತ್ತಿರುವಾಗ, ಲೋಳೆ ಮೊದಲು ಯಾವ ಮೂಲೆಯಲ್ಲಿ ಹಿಡಿಯುತ್ತದೆ, ಏಕೆ ಎಂಬುದು ಭೌತಶಾಸ್ತ್ರ ಓದಿದವರಿಗೂ ಸವಾಲಿನ ಪ್ರಶ್ನೆ.

ಎರಡನೆಯ ಆಕ್ಷೇಪ ಕಾರ್ಖಾನೆಯ ಒಳಗಿನದು, ಇನ್ನೂ ಗಟ್ಟಿಯಾದದ್ದು. ಬಿಸಿನೀರು, ಉಗಿ, ಬ್ಲೀಚಿಂಗ್ ಪುಡಿ, ಸೂಕ್ಷ್ಮಾಣುನಾಶಕ ರಾಸಾಯನಿಕ ಬಳಸಿ ಪಾಳಿಗೊಮ್ಮೆ ತೊಳೆದರೆ ಆಯಿತಲ್ಲ. ಕಡಿದ ಕಬ್ಬು ಗಾಡಿಯಲ್ಲಿ ಎರಡು ದಿನ ಒಣಗುವುದನ್ನು ತಪ್ಪಿಸಿದರೆ ಇದಕ್ಕಿಂತ ಹೆಚ್ಚು ಸಕ್ಕರೆ ಉಳಿಯುತ್ತದಲ್ಲ? ನಿಜ. ಕಡಿದ ಗಾಯದಿಂದಲೇ ಲ್ಯೂಕೊನೊಸ್ಟಾಕ್ ಕಬ್ಬಿನ ಒಳಗೆ ಹೋಗುತ್ತದೆ. ವಿಳಂಬ ಕಡಿಮೆ ಮಾಡುವುದು ಮೊದಲ ಕೆಲಸ, ಚೊಕ್ಕಟವಾಗಿ ತೊಳೆಯುವುದು ಎರಡನೆಯದು. ಯಾವ ಲೇಪನವೂ ಇವೆರಡರ ಬದಲಿಗೆ ಬರಲಾರದು, ಹಾಗೆಂದು ಮಾರುವವರನ್ನು ನಂಬಲೂಬಾರದು. ಆದರೆ ತೊಳೆಯುವವರ ಕೈಗೆ ಎಟುಕದ ಬೆಸುಗೆಯ ಸಂದು, ಕೊಳವೆಯ ತಿರುವು, ಜಾಲರಿಯ ಹಿಂಬದಿ ಇದ್ದೇ ಇರುತ್ತವೆ, ಲೋಳೆ ಮತ್ತೆ ಹಬ್ಬುವುದು ಅಲ್ಲಿಂದಲೇ. ಇಡೀ ಗಾಣಕ್ಕೆ ಲೇಪನ ಬೇಡ. ಅಂಥ ಕೆಲವೇ ಜಾಗಗಳಲ್ಲಿ ಲೋಳೆ ಸಡಿಲವಾಗಿ ಹಿಡಿದು ಸುಲಭವಾಗಿ ಬಿಡುವಂತಾದರೂ ರಾಸಾಯನಿಕದ ಖರ್ಚು ಇಳಿಯುತ್ತದೆ. ತಿನ್ನುವ ಪದಾರ್ಥಕ್ಕೆ ತಾಗುವ ಮೇಲ್ಮೈಯಾದ್ದರಿಂದ ಬೆಳ್ಳಿ, ತಾಮ್ರ ರಸಕ್ಕೆ ಬಿಡುವ ಲೇಪನಕ್ಕಿಂತ, ಏನನ್ನೂ ಬಿಡದೆ ಆಕಾರದಿಂದಲೇ ಅಂಟು ತಡೆಯುವ ಮೇಲ್ಮೈಗೆ ಇಲ್ಲಿ ಹೆಚ್ಚು ಬೆಲೆ. ಲೋಹ ಮತ್ತು ನಾಶಕಗಳನ್ನು ಅಲ್ಪ ಪ್ರಮಾಣದಲ್ಲಿ ಸದಾ ಸೋರಿಸುತ್ತಿದ್ದರೆ ಅವನ್ನು ತಾಳಿಕೊಳ್ಳುವ ಬ್ಯಾಕ್ಟೀರಿಯಾಗಳೇ ಆಯ್ದು ಬೆಳೆಯುವ ಭಯವೂ ಇದೆ. ಇಂಥ ತಾಳಿಕೆಯ ಜೀನುಗಳು ಆ್ಯಂಟಿಬಯೋಟಿಕ್ ನಿರೋಧದ ಜೀನುಗಳ ಜೊತೆಗೇ ಸಾಗುವುದುಂಟು.

ಮೂರನೆಯ ಆಕ್ಷೇಪ ಹಣ ಮತ್ತು ಅನುಕೂಲದ್ದು: ಬೆಂಗಳೂರಿನ ಪ್ರಯೋಗಾಲಯ ಎಲ್ಲಿ, ಮೂಡಲಗಿ ಕಡೆಯ ಕುಲಗೋಡದ ಕಬ್ಬಿನ ಹೊಲ ಎಲ್ಲಿ? ಉತ್ತರ ಅಂದುಕೊಂಡಷ್ಟು ದುಬಾರಿಯದಲ್ಲ. ಬೇಕಾದದ್ದು ಅಂಗೈ ಅಗಲದ ಸ್ಟೀಲ್ ತುಂಡುಗಳು: ಕೆಲವಕ್ಕೆ ಲೇಪನ, ಕೆಲವಕ್ಕೆ ಕೆತ್ತನೆ, ಕೆಲವು ಹೋಲಿಕೆಗೆ ಬರಿಯವು. ನುರಿಸುವ ಹಂಗಾಮು ಶುರುವಾಗುವ ದಿನ ಅವನ್ನು ರಸ ಹರಿಯುವ ಐದಾರು ಜಾಗಗಳಲ್ಲಿ ತೂಗುಹಾಕಿ, ವಾರಕ್ಕೊಮ್ಮೆ ಕೆಲವನ್ನು ತೆಗೆದು ಲೋಳೆಯ ತೂಕ, ಬದುಕಿರುವ ಬ್ಯಾಕ್ಟೀರಿಯಾ, ಡೆಕ್ಸ್‌ಟ್ರಾನ್, ಲೇಪನದ ಸವೆತ ಅಳೆಯುವುದು. ಈ ಭಾಗದಲ್ಲಿ ಹುಣಶ್ಯಾಳದಿಂದ ಸಂಕೇಶ್ವರದವರೆಗೆ ಕಾರ್ಖಾನೆಗಳಿವೆ. ಬೆಳಗಾವಿಯಲ್ಲಿ ಎಸ್. ನಿಜಲಿಂಗಪ್ಪ ಸಕ್ಕರೆ ಸಂಸ್ಥೆ ಇದೆ, ಭಾರತೀಯ ವೈದ್ಯಕೀಯ ಸಂಶೋಧನಾ ಪರಿಷತ್ತಿನ ಪಾರಂಪರಿಕ ವೈದ್ಯ ಸಂಸ್ಥೆ ಇದೆ, ವೈದ್ಯಕೀಯ ಕಾಲೇಜುಗಳಿವೆ. ಧಾರವಾಡದಲ್ಲಿ ಕೃಷಿ ವಿಶ್ವವಿದ್ಯಾಲಯವೂ ಐಐಟಿಯೂ ಇವೆ. ವಾರವಾರದ ಅಳತೆಯನ್ನು ತರಬೇತಿ ಪಡೆದ ಇಲ್ಲಿನ ಬಿ.ಎಸ್ಸಿ. ಪದವೀಧರರು ಮಾಡಬಲ್ಲರು, ಸೂಕ್ಷ್ಮದರ್ಶಕದ ಕೆಲಸಕ್ಕೆ ಮಾತ್ರ ತುಂಡುಗಳು ದೊಡ್ಡ ಪ್ರಯೋಗಾಲಯಕ್ಕೆ ಹೋದರೆ ಸಾಕು. ಇದೇ ಪದ್ಧತಿಯನ್ನು ಹನಿ ನೀರಾವರಿಯ ಪೈಪಿಗೆ, ಹಾಲಿನ ಡೈರಿಯ ಕ್ಯಾನಿಗೆ, ತಾಲ್ಲೂಕು ಆಸ್ಪತ್ರೆಯ ಸಿಂಕಿಗೆ ಹೊಂದಿಸಬಹುದು. ಕಾರ್ಖಾನೆಯವರು ಒಳಗೆ ಬಿಡುತ್ತಾರೆಯೇ ಎಂಬ ಅನುಮಾನಕ್ಕೆ, ಫಲಿತಾಂಶವನ್ನು ಕಾರ್ಖಾನೆಯ ಹೆಸರಿಲ್ಲದೆ ಪ್ರಕಟಿಸುವ ಒಪ್ಪಂದ ಉತ್ತರವಾದೀತು. ಸಕ್ಕರೆ ಉಳಿದರೆ ಲಾಭ ಅವರದೂ ಹೌದು.

ಲೆಕ್ಕ ಹಾಕಿದರೆ ಹೊಸ ಅನುದಾನದ ಮೂರು ವರ್ಷಕ್ಕೆ ಸರಿಯಾಗಿ ಮೂರು ಹಂಗಾಮು ಸಿಗುತ್ತವೆ. ಮೊದಲನೆಯದರಲ್ಲಿ ಲೋಳೆ ಎಲ್ಲಿ, ಹೇಗೆ ಹಿಡಿಯುತ್ತದೆಂದು ಬರಿಯ ಸ್ಟೀಲ್ ಮೇಲೆ ತಿಳಿಯಬಹುದು. ಎರಡನೆಯದರಲ್ಲಿ ಮೇಲ್ಮೈಗಳನ್ನು ಇಳಿಸಿ ಅವು ಯಾವ ವಾರ ಸೋಲುತ್ತವೆಂದು ನೋಡಬಹುದು. ಮೂರನೆಯದರಲ್ಲಿ ಸೋಲಿನ ಕಾರಣ ತಿದ್ದಿ ಮತ್ತೆ ಇಳಿಸಬಹುದು. ಅನುದಾನ ಕೊಡುವವರು ಇದಕ್ಕೆ ಎರಡು ಷರತ್ತು ಸೇರಿಸಿದರೆ ಸಾಕು. ಸೂಕ್ಷ್ಮಾಣು ತಡೆಯುವ ಮೇಲ್ಮೈಯ ಯೋಜನೆಯಲ್ಲಿ ಬಳಕೆಯ ಜಾಗದಲ್ಲಿ ಕನಿಷ್ಠ ತೊಂಬತ್ತು ದಿನದ ಪರೀಕ್ಷೆ ಇರಲೇಬೇಕು. ಆ ಪರೀಕ್ಷೆಯಲ್ಲಿ ಮೇಲ್ಮೈ ಸೋತರೂ ದಿನ, ಜಾಗ, ಕಾರಣಗಳ ಸಮೇತ ಬರೆದ ವರದಿಯನ್ನು ನೇಮಕಾತಿ, ಬಡ್ತಿಗಳಲ್ಲಿ ಪ್ರಬಂಧಕ್ಕೆ ಸಮನಾಗಿ ಎಣಿಸಬೇಕು. ಎರಡನೆಯ ಷರತ್ತಿಲ್ಲದೆ ಮೊದಲನೆಯದನ್ನು ಹೇರಿದರೆ ಎಳೆಯರ ಹೆಗಲಿಗೆ ಇನ್ನೊಂದು ಹೊರೆ ಹೊರಿಸಿದಂತೆ ಅಷ್ಟೇ. ಎರಡೂ ಇದ್ದರೆ, ಒಂದು ಮೇಲ್ಮೈ ಏಳನೇ ವಾರ ಏಕೆ ಸೋತಿತೆಂದು ಖಚಿತವಾಗಿ ಹೇಳಬಲ್ಲ ಸಂಶೋಧಕಿಗೆ, ಅದು ಮೊದಲ ದಿನ ಶೇ 99.9 ಕೊಂದಿತೆಂದು ಮಾತ್ರ ಹೇಳಬಲ್ಲವರಿಗಿಂತ ಮೊದಲು ಕೆಲಸ ಸಿಗುತ್ತದೆ. ಟನ್ನಿಗೆ 34 ರೂಪಾಯಿ 60 ಪೈಸೆಯ ವ್ಯತ್ಯಾಸಕ್ಕೆ ರಸ್ತೆಗಿಳಿಯಬೇಕಾದ ರೈತನಿಗೂ, ಕ್ಯಾತಿಟರ್ ಹಾಕಿಸಿಕೊಂಡು ಮಲಗಿದ ರೋಗಿಗೂ ಕೆಲಸಕ್ಕೆ ಬರುವುದು ಮೊದಲನೆಯ ಬಗೆಯ ಉತ್ತರವೇ.